ಕಿಟಕಿ ಬಳಿ ಕೂತವಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಲಾ ಇತಿಹಾಸ ಗ್ರಂಥಾಲಯದ ಗ್ರಂಥಪಾಲಕಿ ಠಾಣೆಗೆ ಬಂದು ದೂರು ಕೊಟ್ಟರು. ಹಳೆಯ ವರ್ಣಚಿತ್ರ ಸಂಪುಟದ ಪುಟವೊಂದನ್ನು ಯಾರೋ ಕತ್ತರಿಸಿದ್ದರು. ಎಫ್‌ಐಆರ್ ದಾಖಲಾಯಿತು. "ಗುಡ್ಡ ಅಗೆದು ಇಲಿ ಹಿಡಿಯೋ ಕೆಲ್ಸ ಸಾರ್," ಎಂದು ಕಾನ್‌ಸ್ಟೆಬಲ್ ಗೊಣಗುತ್ತಲೇ ಜೀಪು ಹತ್ತಿದ.

ಗ್ರಂಥಾಲಯದಲ್ಲಿ ಚೀಲ ಹೊರಗಿಡಬೇಕು, ಪೆನ್ಸಿಲ್ ಬಿಟ್ಟು ಬೇರೇನೂ ಒಳಗೆ ಒಯ್ಯುವಂತಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಇಂಥ ಜಾಗದಲ್ಲೇ ಕಳವಾಗಿತ್ತು. ಇನ್‌ಸ್ಪೆಕ್ಟರ್ ಪಂಚರ ಎದುರು ಸಂಪುಟ ತೆರೆಸಿದರು. ಚಿತ್ರದಲ್ಲಿ ಶ್ರೀಮಂತ ಯಜಮಾನ, ಅವನ ಮಗ, ನಾಯಿ ಎಲ್ಲ ಹಾಗೇ ಇದ್ದವು. ಎಡಮೂಲೆಯಲ್ಲಿ ಅಂಗೈಯಗಲದ ತೂತು.

"ಇಲ್ಲಿ ಏನಿತ್ತು ಮೇಡಂ?"

"ಕಿಟಕಿ ಇರ್ಬೇಕು."

"ಇರ್ಬೇಕು ಅಂದ್ರೆ?"

"ಎಷ್ಟೋ ವರ್ಷದಿಂದ ನೋಡ್ತಿದ್ದೀನಿ. ಆ ಮೂಲೆ ಮಾತ್ರ ನೆನಪಿಗೆ ಬರ್ತಿಲ್ಲ."

ಬೇರೊಂದು ಗ್ರಂಥಾಲಯದಿಂದ ಅದೇ ಪುಟದ ಪ್ರತಿ ಸಂಜೆಗೆ ಬಂತು. ಕಿಟಕಿ ಬೆಳಕಿನಲ್ಲಿ ಮನೆಗೆಲಸದ ಹೆಂಗಸೊಬ್ಬಳು ಗುಂಡಿ ಹೊಲಿಯುತ್ತಿದ್ದಳು. ಚಿತ್ರದಡಿ ನಾಯಿಯ ಹೆಸರೂ ಇತ್ತು, ಅವಳದಿರಲಿಲ್ಲ. ಇನ್‌ಸ್ಪೆಕ್ಟರಿಗೆ ಹಲ್ಲಿನಿಂದ ದಾರ ಕಡಿಯುತ್ತಿದ್ದ ತಮ್ಮ ತಾಯಿ ನೆನಪಾದರು. ಮಾರುವ ಕಳ್ಳನಾಗಿದ್ದರೆ ಇಡೀ ಹಾಳೆ ಒಯ್ಯುತ್ತಿದ್ದ. ಇವನಿಗೆ ಬೇಕಾದದ್ದು ಅವಳು.

ಮರುದಿನ ಅವರು ಆ ಪ್ರತಿ ಹಿಡಿದು ಓದುವ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ಅವಳ ಮುಖಕ್ಕೆ ಹೋಲಿಸಿ ನೋಡಿದರು. ಮೂರನೇ ಮೇಜಿನಲ್ಲಿ ಕೂತಿದ್ದ ಮುದಿ ದರ್ಜಿಯದು ಅದೇ ಹಣೆ, ಅದೇ ಗಲ್ಲ, ಥೇಟ್ ಪಡಿಯಚ್ಚು.

"ಇವರು ಯಾರು, ಯಜಮಾನ್ರೇ?" ಎಂದು ಪ್ರತಿಯಲ್ಲಿದ್ದ ಹೆಂಗಸನ್ನು ತೋರಿಸಿದರು.

ಮುದುಕ ಕನ್ನಡಕ ತೆಗೆದ. "ನಮ್ಮಮ್ಮ." ಅಂಗಿಯ ಒಳಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ತುಂಡನ್ನೂ ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನೂ ತೆಗೆದಿಟ್ಟ. "ಅವ್ಳು ಹೋದಾಗ ನಾನಿನ್ನೂ ಚಿಕ್ಕವ್ನು. ಒಂದು ಫೋಟೋನೂ ಇಲ್ಲ. ಈಚೀಚೆಗೆ ಮುಖಾನೇ ಮರ್ತುಹೋಗ್ತಾ ಇತ್ತು ಸಾರ್."

"ಕೇಳಿದ್ರೆ ಕಾಪಿ ಕೊಡ್ತಿದ್ವಲ್ಲ," ಎಂದರು ಗ್ರಂಥಪಾಲಕಿ.

"ಕೌಂಟರಲ್ಲಿ ಕೇಳ್ದೆ ತಾಯಿ. ಆ ಚಿತ್ರದಲ್ಲಿ ಹೆಂಗಸರೇ ಇಲ್ಲ ಅಂದ್ರು."

ದಸ್ತಗಿರಿಯಾಯಿತು, ಪಂಚನಾಮೆಗೆ ಸಹಿ ಬಿತ್ತು. ತುಂಡನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುವ ಮೊದಲು ಇನ್‌ಸ್ಪೆಕ್ಟರ್ ಇನ್ನೊಮ್ಮೆ ನೋಡಿದರು. ಅವಳ ಕಣ್ಣು ಸೂಜಿಯ ಮೇಲಿರಲಿಲ್ಲ. ಚಿತ್ರದಾಚೆಗೆಲ್ಲೋ ನೋಡುತ್ತ ನಗುತ್ತಿದ್ದಳು.

"ಎತ್ತ ನೋಡ್ತಿದ್ದಾರೆ ಇವರು?"

"ಬಾಗಿಲ ಕಡೆ," ಎಂದ ಮುದುಕ. "ಚಿತ್ರ ಬರೆಯೋವಾಗ ಮಕ್ಕಳು ಒಳಗೆ ಬರಬಾರ್ದು ಅಂತ ಗದರಿದ್ರು. ನಾನು ಅಲ್ಲೇ ನಿಂತಿದ್ದೆ."