ಟಯರಿಗೆ ಎಣ್ಣೆಸ್ನಾನ

"ಅಯ್ಯೋ... ದೇವರೇ!"

ಶ್ರೀವಾಣಿಯ ಬಾಯಿಂದ ಹೊರಟದ್ದು ಅಷ್ಟೇ. ಕಾನಸೂರಿನ ತಿರುವಿನಲ್ಲಿ ಶಿರಸಿ ಬಸ್ಸಿಗೆ ಕಾಯುತ್ತಿದ್ದವಳ ಕಣ್ಣೆದುರೇ ಹೊಸ ಬೈಕೊಂದು ಸರ್ರನೆ ಜಾರಿ, ಅಡ್ಡಬಿದ್ದು, ಅವಳ ಚಪ್ಪಲಿಯ ತುದಿಗೆ ಬಂದು ನಿಂತಿತು!

ಮಳೆಯಿಲ್ಲ, ಕೆಸರಿಲ್ಲ. ಒಣಗಿದ ಟಾರು ರಸ್ತೆ. ಸವಾರ ನಡುರಸ್ತೆಯಲ್ಲಿ ಕೂತು, ತರಚಿದ ಅಂಗೈಯನ್ನು ಪಿಳಿಪಿಳಿ ನೋಡುತ್ತಿದ್ದ.

"ಕೂತು ಎಂತ ನೋಡ್ತೀರಿ? ಏಳಿ! ಮೊದಲು ಬೈಕು ಪಕ್ಕಕ್ಕೆ ತಗೀರಿ. ಆಚೆಯಿಂದ ಲಾರಿ ಬಂದ್ರೆ ಎಂತ ಗತಿ?"

ಹೇಳಿದವಳೇ ಓಡಿಹೋಗಿ ಹಸಿರು ಟೊಂಗೆ ಮುರಿದು ತಿರುವಿನ ಆಚೆ ಈಚೆ ಹಾಸಿ ಬಂದಳು. ಬರುವ ಗಾಡಿಗೆ ದೂರದಿಂದಲೇ ಗೊತ್ತಾಗಬೇಕಲ್ಲ! ಅವಳಪ್ಪನದು ಶಿರಸಿಯಲ್ಲಿ ಟಯರ್ ಅಂಗಡಿ. ಲಂಗ ಹಾಕುವ ವಯಸ್ಸಿನಿಂದ ರಬ್ಬರಿನ ವಾಸನೆಯಲ್ಲೇ ಬೆಳೆದವಳು. ಆದರೆ ಈ ಬೈಕಿನದು ಬೇರೆಯೇ ವಾಸನೆ...

ಟಯರು ಮುಟ್ಟಿದಳು. ಬೆರಳೆಲ್ಲ ಜಿಡ್ಡು!

"ಟಯರಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ರಾ?!"

ಅವನೂ ದಂಗಾದ. "ನಾನಲ್ಲ... ಅಯ್ಯೋ, ಅಜ್ಜಿ! ನಾಳೆ ಆಯುಧಪೂಜೆ. ಬೈಕು ಹೊಳೀಬೇಕು ಅಂತ ಬೆಳಿಗ್ಗೆ ಒರೆಸ್ತಾ ಕೂತಿದ್ರು."

"ಹೊಳೀತು, ಹೊಳೀತು! ಹೊಸ ಟಯರು ಮೊದಲೇ ಜಾರೂದು ಮಾರಾಯ್ರೇ. ಒಂದು ನೂರು ಮೈಲಿ ಓಡೋ ತನಕ ತಿರುವಿನಲ್ಲಿ ಬೈಕು ಮಲಗಿಸಬಾರದು, ಗಕ್ಕನೆ ಬ್ರೇಕ್ ಒತ್ತಬಾರದು. ಅದರ ಮೇಲೆ ಎಣ್ಣೆ ಬೇರೆ! ಸಾಬೂನು ನೀರಲ್ಲಿ ತಿಕ್ಕಿ ತೊಳೀರಿ. ಗಾಳಿ ಯಾವಾಗ ನೋಡಿಸಿದ್ರಿ?"

"ಅದು... ಶೋರೂಮಿನವರೇ ತುಂಬಿದ್ರಲ್ಲ..."

"ಬೆಳಿಗ್ಗೆ ಟಯರು ತಂಪಿದ್ದಾಗ ನೋಡಿಸ್ಬೇಕು. ಪಂಪಿದ್ಯಾ? ಪಾನಾ? ಟ್ಯೂಬು?"

ಅವನು ಕಿಸೆಗೆಲ್ಲ ಕೈಹಾಕಿ ತಡಕಿದ. "ಬಾಚಣಿಗೆ ಇದೆ."

ಶ್ರೀವಾಣಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ನಗುವಿನಲ್ಲಿ ಅದೆಂಥ ಮೋಡಿಯಿತ್ತೋ, ಬೈಯುತ್ತಿದ್ದವಳಿಗೆ ಸಿಟ್ಟೇ ಮರೆತುಹೋಯಿತು.

"ಜೀಪಲ್ಲಿ ದೊಡ್ಡಪ್ಪ, ಅಜ್ಜಿ ಹಿಂದೆ ಬರ್ತಿದಾರೆ. ಹುಡುಗಿ ನೋಡೋಕೆ ಹೊರಟಿದ್ವಿ. ಶಿರಸಿ... ಟಯರ್ ಅಂಗಡಿ ಕಮಲಾಕರ ಹೆಗಡೆಯವರ ಮಗಳಂತೆ."

ಶ್ರೀವಾಣಿಯ ಎದೆ ಧಸಕ್ಕೆಂದಿತು!

ಸಿದ್ದಾಪುರದ ಸುಮಂತ... ಇವನೇನಾ? ಜಾತಕ ಕೂಡಿದ್ದೇ ಸಾಕೆಂದು ಹಿರಿಯರು ಫೋಟೋ ಕೂಡ ಕೊಟ್ಟು ತೆಗೆದುಕೊಂಡಿರಲಿಲ್ಲ. ಅವಳ ಚೀಲದಲ್ಲಿದ್ದದ್ದು ಇವನೆದುರು ಉಡಬೇಕೆಂದೇ ಕಾನಸೂರಿನ ಸೋದರತ್ತೆಯಿಂದ ಕೇಳಿ ತಂದ ರೇಷ್ಮೆ ಸೀರೆ. 'ನಾನೇ ಆ ಹುಡುಗಿ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ನಾಚಿಕೆಯೋ ನಾಚಿಕೆ! ಹತ್ತಿಯೇಬಿಟ್ಟಳು.

"ಬನ್ನಿ... ನಿಧಾನ ಬನ್ನಿ!" ಎಂದು ಬಸ್ಸಿನ ಕಿಟಕಿಯಿಂದ ಕೂಗಿದಳು.

ಮನೆಯಲ್ಲಿ ಸೀರೆ ಉಟ್ಟು ಕಾದಳು. ಜೀಪು ಬರಲಿಲ್ಲ. ಫೋನು ಬಂತು. ಅಪ್ಪನ ಮುಖ ಕಪ್ಪಿಟ್ಟಿತು. ಫೋನಿಟ್ಟು ಮಗಳತ್ತ ತಿರುಗಿದ.

"ಹೊರಟ ಗಳಿಗೆಗೇ ಅಪಶಕುನ ಆತಡ, ತಂಗಿ. ಆ ಸುಮಂತ ಮಾಣಿ ಬೈಕಿಂದ ಬಿದ್ನಡ. ನಿಂಗಳ ಮನೆ ಕೂಸಿನ ಕಾಲ್ಗುಣ ಸರಿ ಇಲ್ಲೆ ಹೇಳಿ ಅವನ ದೊಡ್ಡಪ್ಪ... ಸಂಬಂಧ ಬ್ಯಾಡದಡ."

ಸಿಡಿಲು ಬಡಿದಂತಾಯಿತು. ಕಾಲ್ಗುಣವೇ?! ಬೀಳಿಸಿದ್ದು ಎಣ್ಣೆ ಎಂದು ಅವನಿಗೆ ಗೊತ್ತು. ಕೈಯಾರೆ ತೋರಿಸಿದ್ದೆನಲ್ಲ! ಮತ್ತೇಕೆ ಬಾಯಿ ಬಿಡಲಿಲ್ಲ?

ತಾನೇ ಹೇಳಿದರೆ ಯಾರು ನಂಬುತ್ತಾರೆ? ಮದುವೆಗಾಗಿ ಹುಡುಗಿ ಕಥೆ ಕಟ್ಟಿದಳು ಎಂದಾರು. ಹೇಳಬೇಕಾದವನು ಅವನು. ಕಾಲ್ಗುಣ ಕೆಟ್ಟವಳು ಎಂಬ ಮಾತು ಒಮ್ಮೆ ಅಂಟಿದರೆ ಇನ್ನೊಂದು ಗಂಡು ಈ ಹೊಸ್ತಿಲು ತುಳಿಯುತ್ತದೆಯೇ? ಮರುದಿನ ಅಂಗಡಿಯ ಟಯರುಗಳಿಗೆ ಕುಂಕುಮ ಹಚ್ಚುವಾಗ ಅವಳ ಕಣ್ಣೀರು ನಿಲ್ಲಲೇ ಇಲ್ಲ.

ವಿಜಯದಶಮಿಯ ಬೆಳಿಗ್ಗೆ ಅಂಗಳದಲ್ಲಿ ಬೈಕಿನ ಸದ್ದು!

ಶ್ರೀವಾಣಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಜಗಲಿಯಿಂದ ಮುದುಕಿಯೊಬ್ಬಳ ಗದ್ಗದ ಕೇಳಿತು.

"ಎಣ್ಣೆ ತಿಕ್ಕಿದ್ದು ಆನು, ಹೆಗಡೇರೇ. ಈ ಸೀತಮ್ಮನ ಕೈಯೇ ಎನ್ನ ಮೊಮ್ಮಗನ್ನ ಬೀಳ್ಸಿದ್ದು. ನಿಮ್ಮ ಕೂಸಿಂದು ಎಂತ ತಪ್ಪೂ ಇಲ್ಲೆ!"

ಬಳಿಕ ಅವನ ದನಿ. "ಅಂದು ಜೀಪಿಳಿದ ಅಜ್ಜಿ ಗೋಳೋ ಅಂತ ಅಳ್ತಿದ್ರು. ಎಣ್ಣೆ ವಿಷಯ ಹೇಳೋಕೆ ಬಾಯಿ ಬರಲಿಲ್ಲ. ದೊಡ್ಡಪ್ಪ ನಿಮಗೆ ಅಂಥ ಮಾತು ಹೇಳಿದ್ದು ನಿನ್ನೆ ಗೊತ್ತಾಯ್ತು. ನಾನು ನೋಡೇ ಇರದ ಹುಡುಗಿಗೆ ನನ್ನಿಂದ ಕೆಟ್ಟ ಹೆಸರು ಬಂತು. ಕ್ಷಮಿಸಿ. ಯಾರು ಕೇಳಿದ್ರೂ ಎಣ್ಣೆಯಿಂದಲೇ ಬಿದ್ದೆ ಅಂತೇನೆ."

"ಹಾಗಾದ್ರೆ ಸಂಬಂಧ ಮುಂದುವರಿಸುವ ಅಲ್ಲವಾ?" ಅಪ್ಪ ಕೇಳಿದ.

"ಇಲ್ಲ... ಸುಳ್ಳು ಹೇಳಲಾರೆ. ಅಂದು ತಿರುವಿನಲ್ಲಿ ಒಬ್ಬರು ಬೈದು ಹೋದರು. ಹೆಸರೂ ಗೊತ್ತಿಲ್ಲ. ಅವರನ್ನು ಹುಡುಕಬೇಕು. ಮನಸ್ಸೆಲ್ಲ ಅಲ್ಲೇ ಇದೆ..."

ಅಪ್ಪ ಕಕ್ಕಾಬಿಕ್ಕಿ! ಸೀತಮ್ಮ ಹಣೆ ಬಡಿದುಕೊಂಡಳು.

ಶ್ರೀವಾಣಿ ಬೆಲ್ಲ, ನೀರು ಹಿಡಿದು ಹೊರಬಂದಳು.

ಸುಮಂತ ತಲೆಯೆತ್ತಿದ. ಎದ್ದ ರಭಸಕ್ಕೆ ಕುರ್ಚಿ ಧಡಾರನೆ ಬಿತ್ತು!

"ನೀ... ನೀವಾ?!"

ಆ ಬಿಟ್ಟ ಬಾಯಿ, ಆ ಬೆಪ್ಪು ಮುಖ ಕಂಡು ಅವಳ ಸಿಟ್ಟೆಲ್ಲ ಕರಗಿತು. ತಾನೆಂದು ತಿಳಿದು ಬಂದವನಲ್ಲ. ಯಾರೋ ಕಾಣದ ಹುಡುಗಿಗಾಗಿ ತಲೆ ತಗ್ಗಿಸಲು ಬಂದವನು. ಅವಳ ಕಣ್ಣು ತುಂಬಿ ಬಂತು.

"ಟಯರು ತೊಳೆದ್ರಾ?"

"ಶೀಗೆಪುಡಿ ಹಾಕಿ ಅಜ್ಜಿಯೇ ತಿಕ್ಕಿದ್ರು."

"ಗಾಳಿ?"

"ತಂಪಿದ್ದಾಗಲೇ ನೋಡಿಸಿದೆ. ಪಂಪು, ಪಾನಾ, ಟ್ಯೂಬು ಎಲ್ಲ ಇದೆ. ಬಾಚಣಿಗೆ ಮರೆತೆ." ಕೆದರಿದ ತಲೆ ಸವರಿಕೊಂಡ. "ಅಂದೇ ಯಾಕೆ ಹೇಳಲಿಲ್ಲ?"

"ಬಸ್ಸು ಬಂತಲ್ಲ..."

ಇಬ್ಬರೂ ನಕ್ಕರು. ಅವನು ಮೆಲ್ಲಗೆ ಕೇಳಿದ, "ಬಿದ್ದವನು ನಾನು. ನನ್ನ ಹಿಂದೆ ಕೂರೋಕೆ ಹೆದರಿಕೆ ಆಗಲ್ವಾ?"

"ತಿರುವಿನಲ್ಲಿ ನಿಧಾನ ಹೋದ್ರೆ..." ಶ್ರೀವಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಜೀವಮಾನವಿಡೀ ಕೂರ್ತೆ."