ಮುಯ್ಯಿಗೆ ಬಂದ ಬಡಗಿ

“ಮುಯ್ಯಿ ತೀರಿಸೋಕೆ ಬಂದಿದ್ದೀನಿ.”

ಬೆಳಗ್ಗೆ ಬಾಗಿಲು ತೆರೆದರೆ ಎದುರಿಗೆ ಬಡಗಿ! ಹೆಗಲ ಮೇಲೆ ಹೊಳೆಯುವ ಬಾಚಿ. ಅವಳು ಪಟ್ಟನೆ ಬಾಗಿಲು ಮುಚ್ಚಿ ಅಗುಳಿ ಹಾಕಿದಳು.

ಹೆದರದೆ ಇನ್ನೇನು? ಕುರ್ಚಿ ಕಾರ್ಖಾನೆಯಲ್ಲಿ ಅವಳು ಮಾಲು ಪರೀಕ್ಷಿಸುವವಳು. ಅವನು ಮಾಡಿದ ನಲವತ್ತು ಕುರ್ಚಿಗಳನ್ನು ಎಲ್ಲರೆದುರೇ ವಾಪಸು ಕಳಿಸಿದ್ದಳು. ತಿಂಗಳಲ್ಲೇ ಕಾರ್ಖಾನೆ ಮುಚ್ಚಿತು. ತನ್ನ ಕೆಲಸವೂ ಹೋದ ಸಿಟ್ಟನ್ನು ಅವಳು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತಲ್ಲ... ‘ಅವನು ಕೂರಿಸಿದ ಕೀಲು ನಿಲ್ಲಲ್ಲ’ ಎಂದು ಬೀದಿಯಲ್ಲೆಲ್ಲ ಆಡಿಕೊಂಡು ಬಂದಿದ್ದಳು.

ಒಳಗಿನಿಂದ ಸೋದರತ್ತೆ ಹೊಟ್ಟೆ ಹಿಡಿದು ನಗುತ್ತ ಬಂದಳು.

“ಅಯ್ಯೋ ಹುಚ್ಚಿ, ಹೊಡೆಯೋ ಮುಯ್ಯಲ್ಲ ಕಣೇ, ದುಡಿಯೋ ಮುಯ್ಯಿ! ಅವರಮ್ಮ ಹಾಸಿಗೆ ಹಿಡಿದಾಗ ಎಂಟು ದಿನ ನಾನು ನೋಡ್ಕೊಂಡೆನಲ್ಲ... ಅದಕ್ಕೆ ಹಿಂದಿನ ಕೊಟ್ಟಿಗೆಗೆ ತೊಲೆ ಹಾಕ್ತಾನೆ. ಬಾಗಿಲು ತೆಗಿ!”

ಕೈಯಲ್ಲಿ ಸಂಬಳವಿಲ್ಲದ ಬೀದಿ ಹಾಗೆ ಬದುಕಲು ಕಲಿತಿತ್ತು. ಇವತ್ತು ನೀನು ನನಗೆ ದುಡಿ, ನಾಳೆ ನಾನು ನಿನಗೆ. ಆ ಕೊಟ್ಟಿಗೆಯಲ್ಲಿ ಅವಳೂ ಸೇರಿ ಏಳು ಹೆಂಗಸರು ತಮ್ಮ ಹೊಲಿಗೆ ಯಂತ್ರಗಳನ್ನು ಒಟ್ಟಿಗೆ ಇಟ್ಟು ದುಡಿಯಬೇಕೆಂದಿದ್ದರು. ಹಳೆಯ ತೊಲೆಗೆ ಹುಳು ಹಿಡಿದಿತ್ತು.

ಬಡಗಿ ನಾಲ್ಕು ದಿನ ಕೆಲಸ ಮಾಡಿದ. ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಉಳಿ ಹಿಡಿಯುತ್ತಿದ್ದ. ಅವಸರವೆಂಬುದೇ ಇಲ್ಲ. ಇಂಥ ಕೈ ಆ ಕುರ್ಚಿ ಮಾಡಿತೇ?

ಮೂರನೆಯ ದಿನ ಕೇಳಿಯೇಬಿಟ್ಟಳು.

“ಮರ ಹಸಿ ಇತ್ತು,” ಅವನೆಂದ. “ಒಣಗಲಿ ಅಂದೆ. ಕಾರ್ಖಾನೆಯೋರು ಇವತ್ತೇ ಬೇಕು ಅಂದ್ರು. ಗೊತ್ತಿದ್ದೂ ಮಾಡ್ದೆ. ನೀವು ವಾಪಸು ಕಳಿಸಿದ್ದೇ ಸರಿ.”

“ಅವತ್ತೇ ಹೇಳಬಾರದಿತ್ತಾ?”

“ನೀವು ಕೇಳಿದ್ರಾ?”

ಕೇಳಿರಲಿಲ್ಲ... ಅವಳ ಮುಖ ಕೆಂಪಾಯಿತು.

ಐದನೆಯ ಬೆಳಗ್ಗೆ ಹೆಂಗಸರು ಯಂತ್ರ ಹೊತ್ತು ಬಂದರು. ಆದರೆ ಹೊಸ್ತಿಲಾಚೆಯೇ ನಿಂತರು.

“ಒಳಗೆ ಬನ್ರೇ!” ಅವಳು ಕರೆದಳು.

ಅವರಲ್ಲೊಬ್ಬಳಾದ ಇಸ್ತ್ರಿಯವಳು ತೊಲೆಯನ್ನೊಮ್ಮೆ, ಬಡಗಿಯನ್ನೊಮ್ಮೆ ನೋಡಿದಳು. “ಕೀಲು ನಿಲ್ಲಲ್ಲ ಅಂತ ನೀನೇ ಅಲ್ವೇನೇ ಹೇಳಿದ್ದು? ನನಗಿರೋದು ಒಂದೇ ತಲೆ ಕಣಮ್ಮ!”

ಎಲ್ಲರೂ ನಕ್ಕರು. ಒಬ್ಬರ ಕಾಲೂ ಮುಂದೆ ಬರಲಿಲ್ಲ.

ಬಡಗಿ ಉಳಿಗಳನ್ನು ಚೀಲಕ್ಕೆ ತುಂಬತೊಡಗಿದ. “ಪರವಾಗಿಲ್ಲ ಬಿಡಿ. ಇಲ್ಲಿ ಯಾರೂ ನನ್ನ ಕರೆಯಲ್ಲ... ದೂರದ ಊರಲ್ಲಿ ದೋಣಿ ಕೆಲಸ ಇದೆಯಂತೆ. ನಾಳೆ ಹೊರಡ್ತೀನಿ.”

ನಾಳೆಯೇ? ‘ನನ್ನ ಒಂದು ಮಾತು ಇವರ ಅನ್ನ ಕಿತ್ತುಕೊಳ್ತಲ್ಲ...’

“ಕೇಳ್ರೇ,” ಅವಳು ಹೆಂಗಸರತ್ತ ತಿರುಗಿದಳು. “ತಪ್ಪು ನನ್ನದು. ಕೆಟ್ಟಿದ್ದು ಮರ, ಇವರ ಕೈ ಅಲ್ಲ. ವಿಚಾರಿಸದೆ ಬಾಯಿಗೆ ಬಂದದ್ದು ಆಡ್ದೆ.”

ತನ್ನ ಯಂತ್ರವನ್ನು ಎಳೆದು ತೊಲೆಯ ನಟ್ಟನಡುವಿನ ಕೆಳಗಿಟ್ಟಳು. ಕುಳಿತಳು. ಮೇಲೆ ನೋಡಲೂ ಇಲ್ಲ. ಬಟ್ಟೆ ಹರವಿ, ಸೂಜಿ ಇಳಿಸಿ, ತುಳಿಯತೊಡಗಿದಳು. ಒಂದು ತೋಳು ಪೂರ್ತಿ ಹೊಲಿದಳು. ಇನ್ನೊಂದನ್ನು ಕೈಗೆತ್ತಿಕೊಂಡಳು.

“ತೊಲೆ ಬಿದ್ದು ಇವಳೊಬ್ಬಳೇ ಹೋದ್ರೆ ನಮಗೆ ಬಟ್ಟೆ ಕತ್ತರಿಸಿ ಕೊಡೋರು ಯಾರು? ಸರ್ಕೋ ಆಚೆ!” ಇಸ್ತ್ರಿಯವಳು ಒಳಗೆ ಬಂದಳು. ಹಿಂದೆಯೇ ಮತ್ತೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಏಳೂ ಯಂತ್ರಗಳ ಸದ್ದು ಬೀದಿಗೆ ಕೇಳುತ್ತಿತ್ತು.

“ಏ ಬಡಗಿಯಪ್ಪ, ನಮ್ಮ ಬಾಗಿಲು ಕಚ್ಕೊಳ್ಳುತ್ತೆ, ನೋಡಿ ಹೋಗು!”

“ನಮ್ಮ ಕಿಟಕಿನೂ!”

ಅವಳು ಎದ್ದು ಹೊರಗೆ ಬಂದಳು. ಅವನು ಚೀಲ ಹಿಡಿದು ಅಂಗಳದಲ್ಲೇ ನಿಂತಿದ್ದ.

“ನಾಳೆ ಹೋಗಲೇಬೇಕಾ?”

“ಬೀದಿಯೋರು ಹದಿನೈದು ದಿನದ ಕೆಲಸ ಹೇಳಿದ್ದಾರಲ್ಲ, ಅಲ್ಲೀವರೆಗೂ ಹೋಗಲ್ಲ.”

“ಆಮೇಲೆ...?”

ಅವನು ನೆಲ ನೋಡಿದ. “ನೀವು ಇರಿ ಅಂದ್ರೆ ಇರ್ತೀನಿ.”

“‘ಇರಿ’ ಅನ್ನಲ್ಲ ನಾನು.”

ಅವನ ಮುಖ ಬಾಡಿತು. ಅವಳು ಸೆರಗಿಗೆ ಅಂಟಿದ್ದ ದಾರದ ಎಳೆಯೊಂದನ್ನು ನಿಧಾನವಾಗಿ ಬಿಡಿಸಿದಳು. ಆಮೇಲೆ ಕಣ್ಣೆತ್ತಿದಳು.

“ಇರು.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಚೀಲ ಮೆಲ್ಲನೆ ನೆಲಕ್ಕಿಳಿಯಿತು.

“ಇರ್ತೀನಿ... ಕಣೇ.”