ಮಂಗಳವಾರದ ಮೋನಾಲಿಸಾ

ಗಾಂಧಿ ಬಜಾರಿನ ತಿರುವಿನಲ್ಲಿ ಕನ್ನಡಿ ನೋಡಿದೆ.

ಬಿಳಿ ಜೀಪು ಇನ್ನೂ ಬೆನ್ನು ಬಿಟ್ಟಿರಲಿಲ್ಲ. ನಾಲ್ಕು ಗಾಡಿ ಹಿಂದೆ... ಅಲ್ಲ, ಮೂರು.

ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಈಶ್ವರ್ ಮೇಷ್ಟ್ರು ಕೂತಿದ್ದರು. ವಯಸ್ಸು ಅರವತ್ತೊಂದು. ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಅವರ ಅಕ್ಕನಿಗೆ ಬಂದ ಫೋಟೋಗಳನ್ನು ನಂಬುವುದಾದರೆ, ಆ ಹೊತ್ತಿಗೆ ಅವರು ಪ್ಯಾರಿಸ್ಸಿನಲ್ಲಿರಬೇಕಿತ್ತು.

ಗಂಟೆ ಹತ್ತೂಕಾಲು. ಹನ್ನೊಂದಕ್ಕೆ ಕೋರ್ಟು. ಈ ಮನುಷ್ಯ ಸಾಕ್ಷಿ ಕಟಕಟೆ ಹತ್ತಬಾರದು, ಜೀಪಿನವರಿಗೆ ಬೇಕಾಗಿದ್ದು ಅಷ್ಟೇ.

ಮುಂದೆ ಲಾರಿಯೊಂದು ಅಡ್ಡ ನಿಂತಿತ್ತು. ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸಿದೆ. ಹೂವು ಕೊಳ್ಳುತ್ತಿದ್ದ ಹೆಂಗಸೊಬ್ಬಳು ಬೈದಳು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಭಯ ಆಗ್ತಿದೆಯಾ ಮೇಷ್ಟ್ರೇ?"

"ಆಗ್ತಿದೆ. ನೀವು ಓಡ್ಸಿ."

ಇದು ಗುರುವಾರದ ಮಾತು. ಶುರುವಾಗಿದ್ದು ಹಿಂದಿನ ದಿನ ಮಧ್ಯಾಹ್ನ.

ನನ್ನ ಹೆಸರು ಆರಾಧನಾ. ಹದಿನಾಲ್ಕು ವರ್ಷ ಯುರೋಪ್ ಟೂರ್ ಮ್ಯಾನೇಜರ್ ಆಗಿದ್ದೆ. ಮಲ್ಲೇಶ್ವರ, ಬಸವನಗುಡಿಯ ಜನರನ್ನು ಇಪ್ಪತ್ತಾರು ಸಲ ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿದ್ದೇನೆ. ಐಫೆಲ್ ಟವರಿನ ಬುಡದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ ಕೂತವರನ್ನು ಎಬ್ಬಿಸಿ ಬಸ್ಸು ಹತ್ತಿಸಿದ್ದೇನೆ. ಸೇನ್ ನದಿಯ ದೋಣಿಯಲ್ಲಿ ಬಿಟ್ಟುಬಂದ ಪಾಸ್‌ಪೋರ್ಟು, ಮೊಂಮಾರ್ತ್ ಗುಡ್ಡದ ಮೆಟ್ಟಿಲುಗಳಲ್ಲಿ ತಪ್ಪಿಸಿಕೊಂಡ ಗಂಡ... ಎಲ್ಲವನ್ನೂ ಹುಡುಕಿ ಕೊಟ್ಟಿದ್ದೇನೆ. ಕೊನೆಗೆ ಹುಡುಕುವುದೇ ಕಸುಬಾಯಿತು. ಈಗ ಚಾಮರಾಜಪೇಟೆಯಲ್ಲಿ ಒಂದು ರೂಮು, ಒಂದು ಮೇಜು, ಎರಡು ಕುರ್ಚಿ. ನನ್ನ ಕುರ್ಚಿ ಹೆಚ್ಚಾಗಿ ಖಾಲಿ. ಹತ್ತು ನಿಮಿಷ ಒಂದೇ ಕಡೆ ಕೂರುವುದು ನನ್ನಿಂದ ಆಗದ ಕೆಲಸ.

ಆ ಮಧ್ಯಾಹ್ನ ಬಂದಾಕೆ ಶಿವಕುಮಾರಿ, ಮೇಷ್ಟ್ರ ಅಕ್ಕ. ಹಣೆ ತುಂಬ ವಿಭೂತಿ. ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿ. ಮದುವೆಯಾಗದ ತಮ್ಮ ಗವಿಪುರದಲ್ಲಿ ಅವರ ಜೊತೆಗೇ ಇದ್ದ. ಎಂಟು ದಿನದ ಹಿಂದೆ ಪ್ಯಾರಿಸ್ಸಿಗೆ ಹೊರಟ. ಹಳೆಯ ಶಿಷ್ಯರು ಕಳಿಸುತ್ತಿದ್ದಾರೆ ಎಂದು ಹೇಳಿದನಂತೆ. ಮೂರನೇ ದಿನದಿಂದ ದಿನಕ್ಕೊಂದು ಫೋಟೋ, ಎರಡು ಸಾಲು ಮೆಸೇಜು. ಒಂದು ಕಾಲ್ ಕೂಡ ಇಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದರೆ, ಮಜಾ ಮಾಡುತ್ತಿರುವವರನ್ನು ಯಾಕಮ್ಮ ಹುಡುಕಿಸುತ್ತೀರಿ ಎಂದು ನಕ್ಕರಂತೆ.

ಫೋನ್ ಇಸಿದುಕೊಂಡು ನೋಡಿದೆ. ಐಫೆಲ್ ಮುಂದೆ ಮೇಷ್ಟ್ರು. ನೋತ್ರ್ ದಾಮ್ ಚರ್ಚಿನ ಮುಂದೆ ಮೇಷ್ಟ್ರು. ವಿಜಯದ ಕಮಾನಿನ ಮುಂದೆ ಮೇಷ್ಟ್ರು. ಎಲ್ಲ ಕಡೆ ಅದೇ ನಗು. ಬೆಳಕು ಮಾತ್ರ ಎಲ್ಲದರಲ್ಲೂ ಎಡಗಡೆಯಿಂದಲೇ ಬಿದ್ದಿತ್ತು... ಪ್ಯಾರಿಸ್ಸಿನ ಸೂರ್ಯ ಅಷ್ಟೂ ದಿನ ಅಲುಗಾಡದೆ ನಿಂತಂತೆ!

ಕೊನೆಯ ಮೆಸೇಜು ಹೀಗಿತ್ತು: "ಇವತ್ತು ಮಂಗಳವಾರ. ಲೂವ್ರ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ಮೋನಾಲಿಸಾ ನೋಡಿದೆ."

ಎದ್ದು ನಿಂತೆ.

ಲೂವ್ರ್ ಮ್ಯೂಸಿಯಮ್ಮಿಗೆ ಮಂಗಳವಾರ ರಜಾ. ಇದು ಗೊತ್ತಿಲ್ಲದೆ ಮೊದಲ ಟ್ರಿಪ್ಪಿನಲ್ಲಿ ನಲವತ್ತು ಜನರನ್ನು ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ ಬೈಸಿಕೊಂಡವಳು ನಾನು.

"ಅವರಿಗೆ ಯಾರಾದ್ರೂ ಆಗದವರು ಇದಾರಾ?" ಎಂದು ಕೇಳಿದೆ.

ಶಿವಕುಮಾರಿ ಹೇಳಿದರು. ಹೋದ ವರ್ಷ ಗವಿಪುರದ ಇಳಿಜಾರಿನಲ್ಲಿ ಹೂ ಮಾರುವ ಸುಬ್ಬಮ್ಮನ ಮೇಲೆ ಒಂದು ಕಾರು ಹತ್ತಿತ್ತು. ಬೆಳಗ್ಗೆ ಏಳು ಗಂಟೆ. ಎದುರು ಜಗಲಿಯಲ್ಲಿ ಮೇಷ್ಟ್ರು ಚಿತ್ರ ಬರೆಯುತ್ತಿದ್ದರು. ಕಾರಿನವನು ಇಳಿದ, ಬಿದ್ದವಳನ್ನು ನೋಡಿದ, ಮತ್ತೆ ಹತ್ತಿ ಹೊರಟುಹೋದ. ಆಸ್ಪತ್ರೆ ಮುಟ್ಟುವ ಮೊದಲೇ ಸುಬ್ಬಮ್ಮ ತೀರಿಕೊಂಡಳು. ಆ ಮುಖವನ್ನು ಮೇಷ್ಟ್ರು ಅಲ್ಲೇ ಬರೆದಿಟ್ಟರು. ಅದು ಮನೋಹರ್‌ನ ಮುಖ. ಕಾಂಟ್ರಾಕ್ಟರ್, ದೊಡ್ಡವರ ಬೆಂಬಲ ಇರುವ ಮನುಷ್ಯ, ಜಾಮೀನಿನ ಮೇಲೆ ಹೊರಗಿದ್ದ. ಗುರುವಾರ ಮೇಷ್ಟ್ರ ಸಾಕ್ಷಿ. ಇದ್ದದ್ದು ಅವರೊಬ್ಬರೇ ಸಾಕ್ಷಿ, ಸುಬ್ಬಮ್ಮನ ಮಗಳಿಗೆ ಇದ್ದ ಭರವಸೆಯೂ ಅವರೊಬ್ಬರೇ.

ಟಿಕೆಟ್ ಮಾಡಿಸಿಕೊಟ್ಟವನು ಸಂಪಿಗೆ ರಸ್ತೆಯ ನಂದೀಶ್ ಎಂದೂ ಆಕೆಯೇ ಹೇಳಿದರು. ಮಾಳಿಗೆಯ ಮೇಲೆ ಪುಟ್ಟ ಟ್ರಾವೆಲ್ಸ್ ಇಟ್ಟವನು, ನನಗೂ ಹಳೆಯ ಪರಿಚಯ. ಸಂಜೆ ಹೋದರೆ ಬೀಗ. ಫೋನ್ ಸ್ವಿಚ್ ಆಫ್. ಸಂಪಿಗೆ ರಸ್ತೆಯನ್ನು ಮೂರು ಸಲ ಮೇಲಿಂದ ಕೆಳಗೆ ಅಳೆದೆ. ಬೆಳಗ್ಗೆ ಎಂಟಕ್ಕೆ ಅವನು ಶಟರ್ ಎತ್ತುವಾಗ ಪಕ್ಕದಲ್ಲೇ ನಿಂತಿದ್ದೆ.

ಮೇಷ್ಟ್ರು ಯಾವ ಫ್ಲೈಟಿನಲ್ಲಿ ಹೋದರು ಎಂದು ಕೇಳಿದೆ. ಯಾವುದೋ ಹೆಸರು ಹೇಳಿದ. ಹೋಟೆಲ್ ಯಾವುದು ಎಂದೆ. ಕಂಪ್ಯೂಟರಿನ ಕಡೆ ತಿರುಗಿ ಹುಡುಕುವವನಂತೆ ಮಾಡಿದ.

"ನೋಡು ನಂದೀಶ, ಸಾಕ್ಷೀನ ಕೂಡಿ ಹಾಕಿದ ಕೇಸಲ್ಲಿ ಒಬ್ಬ ಮೊದಲನೇ ಆರೋಪಿ, ಇನ್ನೊಬ್ಬ ಎರಡನೇ ಆರೋಪಿ. ಮೊದಲನೆಯವನಿಗೆ ದೊಡ್ಡ ಲಾಯರ್ ಸಿಗ್ತಾನೆ. ಎರಡನೆಯವನಿಗೆ?"

ಶಟರನ್ನು ಅರ್ಧಕ್ಕೆ ಇಳಿಸಿದ. ಫೋಟೋ ಜೋಡಿಸಿದ್ದು ಮಾತ್ರ ತಾನು ಎಂದ. ಮನೆ ತ್ಯಾಗರಾಜನಗರದಲ್ಲಿ, ಮೊದಲನೇ ಮಹಡಿ. ಕಾವಲಿಗೆ ಮುರುಗೇಶ ಅನ್ನುವವನು, ಒಂಬತ್ತೂವರೆಗೆ ತಿಂಡಿಗೆ ಹೋಗುತ್ತಾನೆ. ಅಡ್ರೆಸ್ ಬರೆದುಕೊಟ್ಟ.

ಸ್ಟೇಷನ್ನಿಗೆ ಫೋನ್ ಮಾಡಿ ಅಡ್ರೆಸ್ ಹೇಳಿದೆ. ಗಾಡಿ ಕಳಿಸುತ್ತೇವೆ ಎಂದರು. ಗಾಡಿ ಬರುವ ತನಕ ಕಾಯುವ ವ್ಯವಧಾನ ನನಗಿರಲಿಲ್ಲ.

ತ್ಯಾಗರಾಜನಗರದ ಆ ರಸ್ತೆ ಸದ್ದಿಲ್ಲದೆ ಬಿದ್ದಿತ್ತು. ಮುರುಗೇಶ ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡು ಗೇಟು ದಾಟಿ ಹೋದ. ನಾನು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಬೀಗವೂ ಹಾಕಿರಲಿಲ್ಲ.

ಒಳಗೆ ಗೋಡೆ ತುಂಬ ಹಸಿರು ಬಟ್ಟೆ, ಫೋಟೋದಲ್ಲಿ ಹಿನ್ನೆಲೆ ಬದಲಿಸಲು ಕಟ್ಟುವಂಥದ್ದು. ಎಡಗಡೆ ಸ್ಟ್ಯಾಂಡಿನ ಮೇಲೆ ದೊಡ್ಡ ಲೈಟು. ನಡುವೆ ಒಂದು ಸ್ಟೂಲು, ಅದರ ಮೇಲೆ ಮೇಷ್ಟ್ರು.

ಅಕ್ಕ ಕಳಿಸಿದ್ದಾರೆ ಎಂದು ಹೇಳಿ, "ಮಂಗಳವಾರ ಲೂವ್ರ್ ರಜಾ ಅಲ್ವಾ ಮೇಷ್ಟ್ರೇ?" ಎಂದೆ.

ತಲೆ ಎತ್ತಿದರು. "ಮೂವತ್ತು ವರ್ಷದಿಂದ ಗೊತ್ತು. ಮುರುಗೇಶ ಟೈಪ್ ಮಾಡೋವಾಗ ಬೇಕು ಅಂತಲೇ ಹೇಳ್ದೆ. ಯಾರಾದ್ರೂ ಗಮನಿಸ್ತಾರೇನೋ ಅಂತ."

ಏಳಿ, ಹೊರಡೋಣ ಎಂದೆ. ಅವರು ಏಳಲಿಲ್ಲ.

"ನನ್ನನ್ನ ಯಾರೂ ಎಳ್ಕೊಂಡು ಬಂದಿಲ್ಲಮ್ಮ. ನಾನೇ ಒಪ್ಕೊಂಡು ಬಂದೆ. ಮನೋಹರ್ ಕಡೆಯವರು ಬಂದು, ಕೋರ್ಟಿನ ದಿನ ಊರಲ್ಲಿರಬೇಡಿ, ಪ್ಯಾರಿಸ್ ನೋಡ್ಕೊಂಡು ಬನ್ನಿ ಅಂದ್ರು. ಹ್ಞೂಂ ಅಂದೆ."

ಉಳಿದದ್ದನ್ನು ನೆಲ ನೋಡುತ್ತಲೇ ಹೇಳಿದರು. ಕ್ಯಾಲೆಂಡರ್ ನೋಡಿಕೊಂಡು ಬೋರ್ಡಿನ ಮೇಲೆ ಸಾವಿರ ಸಲ ಐಫೆಲ್ ಬರೆದ ಕೈ ಅದು. ಒಂದು ಸಲ, ಒಂದೇ ಸಲ ಕಣ್ಣಾರೆ ನೋಡುವ ಆಸೆ. ಮೊದಲೆರಡು ದಿನ ವೀಸಾ ತಡವಾಗಿದೆ ಎಂದರಂತೆ. ಮೂರನೇ ದಿನ ಹಸಿರು ಬಟ್ಟೆ ಕಟ್ಟಿ ನಗು ಎಂದರು. ನಕ್ಕರು. ಮನೆಗೆ ಹೋಗುತ್ತೇನೆ ಎಂದಾಗ ಹೊರಗಿನಿಂದ ಚಿಲಕ ಬಿತ್ತು.

"ಯಾವ ಮುಖ ಇಟ್ಕೊಂಡು ಬರ್ಲಿ ಹೇಳಿ?"

"ಸುಬ್ಬಮ್ಮನ ಮಗಳು ಕೋರ್ಟಲ್ಲಿ ಕಾಯ್ತಿದಾಳೆ. ಮುಖದ ವಿಚಾರ ಆಮೇಲೆ ನೋಡೋಣ."

ಆಗ ಎದ್ದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮುರುಗೇಶ ತಿಂಡಿ ಕಟ್ಟಿಸಿಕೊಂಡು ಬೇಗ ವಾಪಸ್ ಬಂದಿದ್ದ... ನನ್ನ ಗ್ರಹಚಾರ! ಗೋಡೆಯ ಬಟ್ಟೆ ಕಿತ್ತು ಬಾಗಿಲ ಪಕ್ಕ ನಿಂತೆ. ತಲೆ ಒಳಗೆ ಬಂದದ್ದೇ ಮುಸುಕು ಹಾಕಿ ಜಾಡಿಸಿ ತಳ್ಳಿದೆ. ಲೈಟಿನ ಸಮೇತ ಬಿದ್ದ. ಮೇಷ್ಟ್ರನ್ನು ಹೊರಗೆಳೆದು ಚಿಲಕ ಹಾಕಿದೆ. ಚಪ್ಪಲಿ ಒಳಗೇ ಉಳಿಯಿತು. ಮುರುಗೇಶನ ಜೇಬಿನಲ್ಲಿ ಫೋನೂ ಉಳಿಯಿತು. ಐದೇ ನಿಮಿಷದಲ್ಲಿ ಬಿಳಿ ಜೀಪು ನಮ್ಮ ಬೆನ್ನು ಹತ್ತಿತ್ತು.

ಹಾಗೆ ಗಾಂಧಿ ಬಜಾರು. ಅಲ್ಲಿಂದ ನ್ಯಾಷನಲ್ ಕಾಲೇಜಿನ ಕಡೆ ತಿರುಗಿಸಿದೆ. ಆ ಟ್ರಾಫಿಕ್ಕಿನಲ್ಲಿ ಕೋರ್ಟಿನ ತನಕ ಸ್ಕೂಟರ್ ಓಡಿಸಿದರೆ ಯಾವುದಾದರೂ ಸಿಗ್ನಲ್ಲಿನಲ್ಲಿ ಸಿಕ್ಕಿಬೀಳುತ್ತಿದ್ದೆವು. ಮೆಟ್ರೋ ಸ್ಟೇಷನ್ನಿನ ಮುಂದೆ ನೋ ಪಾರ್ಕಿಂಗ್ ಬೋರ್ಡಿನ ಕೆಳಗೇ ಗಾಡಿ ನಿಲ್ಲಿಸಿ ಓಡಿದೆವು. ಟೂರ್ ಮ್ಯಾನೇಜರ್ ಅಭ್ಯಾಸ, ನನ್ನ ಬಳಿ ಯಾವಾಗಲೂ ಎರಡು ಮೆಟ್ರೋ ಕಾರ್ಡ್ ಇರುತ್ತವೆ. ನಾವು ಗೇಟು ದಾಟಿದೆವು. ಜೀಪಿನಿಂದ ಇಳಿದ ಇಬ್ಬರಲ್ಲಿ ಒಬ್ಬ ಟಿಕೆಟ್ ಇಲ್ಲದೆ ಗೇಟು ಹಾರಿದ. ಸೆಕ್ಯುರಿಟಿಯವರು ಅವನ ಕಾಲರ್ ಹಿಡಿಯುವ ಹೊತ್ತಿಗೆ ನಮ್ಮ ರೈಲಿನ ಬಾಗಿಲು ಮುಚ್ಚಿತು.

ರೈಲು ಸುರಂಗಕ್ಕೆ ಇಳಿಯಿತು. ಮೇಷ್ಟ್ರ ಒಂದು ಪಾದದಲ್ಲಿ ರಕ್ತ ಜಿನುಗುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಮೋನಾಲಿಸಾ ನಿಜವಾಗ್ಲೂ ಹೇಗಿದೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಚಿಕ್ಕ ಚಿತ್ರ, ದಪ್ಪ ಗಾಜಿನ ಹಿಂದೆ ಇದೆ, ಮುಂದೆ ನೂರಾರು ಜನ ಫೋನ್ ಎತ್ತಿ ಹಿಡಿದಿರುತ್ತಾರೆ, ನಮ್ಮ ಪಾಲಿಗೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು ಎಂದೆ.

"ಅರ್ಧ ನಿಮಿಷ ಸಾಕಿತ್ತು," ಎಂದರು.

ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಕೋರ್ಟಿನ ಗೇಟು ಮುಟ್ಟಿದಾಗ ಹತ್ತೂ ಐವತ್ತು. ಗೇಟಿನ ಬಳಿ ಮನೋಹರ್ ಖುದ್ದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕೂಗಾಡಲಿಲ್ಲ, ಮೈ ಮುಟ್ಟಲಿಲ್ಲ. ಜೇಬಿನಿಂದ ಮೇಷ್ಟ್ರ ಪಾಸ್‌ಪೋರ್ಟು ತೆಗೆದು ಬಿಡಿಸಿ ಹಿಡಿದ.

"ವೀಸಾ ಬಂದಿದೆ ಮೇಷ್ಟ್ರೇ. ಇವತ್ತಿನ ಫ್ಲೈಟು. ಈಗ್ಲೂ ಹೊರಡಬಹುದು. ಕಾರ್ ರೆಡಿ ಇದೆ."

ನಾನು ಇಣುಕಿ ನೋಡಿದೆ. ಅಂಥ ನೂರಾರು ವೀಸಾ ನೋಡಿದ ಕಣ್ಣು ನನ್ನದು. ಅಸಲಿಯೇ ಇತ್ತು.

ನಾನು ಹೊತ್ತು ತರಬಹುದಾಗಿದ್ದು ಅಲ್ಲಿಯವರೆಗೆ ಮಾತ್ರ. ಮುಂದಿನ ಹೆಜ್ಜೆಯನ್ನು ಮೇಷ್ಟ್ರೇ ಇಡಬೇಕಿತ್ತು.

ಮೇಷ್ಟ್ರು ಪಾಸ್‌ಪೋರ್ಟು ತೆಗೆದುಕೊಂಡರು. ವೀಸಾದ ಮೇಲೆ ಹೆಬ್ಬೆರಳು ಸವರಿದರು, ಹೊಸ ಕಾಗದದ ನುಣುಪು ನೋಡುವಂತೆ. ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮನೋಹರ್‌ನ ಪಕ್ಕದಿಂದಲೇ, ಬರಿಗಾಲಿನಲ್ಲಿ, ಕೋರ್ಟಿನ ಮೆಟ್ಟಿಲು ಹತ್ತಿದರು.

ಕಟಕಟೆಯಲ್ಲಿ ನಿಂತು ಮನೋಹರ್‌ನನ್ನು ತೋರಿಸಿದರು. ತಾವು ಬರೆದ ಚಿತ್ರವನ್ನು ಗುರುತಿಸಿದರು. ಅವನ ಲಾಯರು ಎದ್ದು, ಯಾರೋ ತೋರಿಸಿದ ಪ್ಯಾರಿಸ್ ಆಸೆಗೆ ಸಾಕ್ಷಿ ಹೇಳದಿರಲು ಒಪ್ಪಿದ್ದಿರಿ ಅಲ್ಲವೇ, ನಿಮ್ಮ ಮಾತನ್ನು ಯಾಕೆ ನಂಬಬೇಕು ಎಂದು ಕೇಳಿದ. ಹಿಂದಿನ ಬೆಂಚಿನಲ್ಲಿ ಶಿವಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುಬ್ಬಮ್ಮನ ಮಗಳು ಕಣ್ಣು ಮಿಟುಕಿಸದೆ ಮೇಷ್ಟ್ರನ್ನೇ ನೋಡುತ್ತಿದ್ದಳು.

"ಒಪ್ಪಿದ್ದು ನಿಜ, ಸ್ವಾಮಿ. ನಾಚಿಕೆ ಆಗುತ್ತೆ. ಅವತ್ತು ನೋಡಿದ್ದೂ ನಿಜ."

ಹೇಳಿ, ಪಾಸ್‌ಪೋರ್ಟನ್ನು ಜಡ್ಜ್ ಮುಂದಿನ ಗುಮಾಸ್ತನ ಕೈಗಿಟ್ಟರು. ಯಾರು ಕೊಟ್ಟರು, ಎಲ್ಲಿ ಕೊಟ್ಟರು, ಎಷ್ಟು ಹೊತ್ತಿಗೆ ಎಂದು ಒಂದೊಂದಾಗಿ ಹೇಳಿದರು.

ಸಂಜೆಯೊಳಗೆ ಮನೋಹರ್‌ನ ಜಾಮೀನು ರದ್ದಾಯಿತು. ಶಿವಕುಮಾರಿ ತಮ್ಮನ ಹತ್ತಿರ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೇ ದಿನ ಹೊಸ ಚಪ್ಪಲಿ ತಂದು ಬಾಗಿಲಲ್ಲಿಟ್ಟರಂತೆ. ನನ್ನ ಸ್ಕೂಟರನ್ನು ಟ್ರಾಫಿಕ್‌ನವರು ಎತ್ತಿಕೊಂಡು ಹೋಗಿದ್ದರು. ಅದನ್ನು ಬಿಡಿಸಿಕೊಳ್ಳಲು ನಡೆದುಕೊಂಡೇ ಹೋದೆ, ಹೇಗೂ ಕೂರಲಾಗುತ್ತಿರಲಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಮೇಷ್ಟ್ರ ಪಾಸ್‌ಪೋರ್ಟು ಕೋರ್ಟಿನ ಬೀರುವಿನಲ್ಲಿದೆ, ಅದೀಗ ಪುರಾವೆ.

ವೀಸಾ ಇದ್ದರೂ ಅದರ ಮೇಲೆ ಬಿದ್ದಿರುವ ಒಂದೇ ಒಂದು ಮುದ್ರೆ ಕೋರ್ಟಿನದು.